ಗೊಂಬೆಯ ಇನ್ನೊಂದು ಕೈ

ಭಾತಂಬ್ರಾದ ಒಂದು ಮನೆಗೆ ವೈಫೈ ರಿಪೇರಿಗೆ ಹೋಗಿದ್ದೆ. ವೈಫೈ ಡಬ್ಬಿಯ ಪಕ್ಕದಲ್ಲೇ, ಬಿಡಿಬಿಡಿ ಪ್ಲಾಸ್ಟಿಕ್ ತುಂಡು ಜೋಡಿಸಿ ಮಾಡಿದ ಕರಿ ರಾಕ್ಷಸನ ಗೊಂಬೆ ನಿಂತಿತ್ತು. ಅದಕ್ಕೆ ಒಂದು ಕೈ ಇರಲಿಲ್ಲ. ಕಾಲ ಬುಡದಲ್ಲಿ ಕುಂಕುಮ ಸವರಿದ ನಿಂಬೆಹಣ್ಣು. ವೈರ್ ಹಿಡಿಯಲು ಚಾಚಿದ ನನ್ನ ಕೈ ಅಲ್ಲೇ ನಿಂತಿತು.

"ಅದರ ಕೈ ಮುರದಾಗಿಂದ ಕುರಿ ಒಂದೊಂದೇ ಸಾಯ್ಲಕತ್ತಾವ್ರಿ," ಅಂದರು ಮನೆಯ ಅಜ್ಜಿ. "ಭಿನ್ನ ಆದ ಮೂರ್ತಿ ಮನ್ಯಾಗ ಇಡಬಾರ್ದು. ಇವತ್ತ ಬಾವಿಗಿ ಹಾಕ್ತೇನಿ."

ಕಾಲೇಜಿಗೆ ಹೋಗುವ ಮೊಮ್ಮಗಳು ಓಡಿಬಂದು ಗೊಂಬೆಯನ್ನು ಅಪ್ಪಿಕೊಂಡಳು. "ಬ್ಯಾಡ ಆಯಿ! ಇದೇ ರಾಕ್ಷಸಂದು ಜೋಡಿಸೋ ಹೊಸ ಸೆಟ್ ಬರ್ಲಕತ್ತದ. ಅದರಾಗಿನ ಕೈ ಇದಕ್ಕ ಕೂಡ್ತದಂತ. ಈ ಸಲ ಇವಗ ನಾಕು ಕೈ ಇರ್ತಾವಂತ ಗೊಂಬಿ ಜೋಡ್ಸೋರ ವಾಟ್ಸಾಪ್ ಗ್ರೂಪಿನ್ಯಾಗ ಎಲ್ಲಾರೂ ಅನ್ಲಕತ್ತಾರ!"

"ನಾಕು?" ಅಜ್ಜಿ ನನ್ನತ್ತ ತಿರುಗಿದರು. "ಖರೇ ಏನ್ರಿ? ನೀವು ನೆಟ್ಟಿನವ್ರು, ನಿಮಗ ಗೊತ್ತಿರ್ತದ."

ನನಗೇನು ಗೊತ್ತು? ಇಲ್ಲ ಅಂದರೆ ಗೊಂಬೆ ಬಾವಿಗೆ. ಹೌದು ಅಂದ ಮೇಲೆ ನಾಳೆ ಮತ್ತೊಂದು ಕುರಿ ಸತ್ತರೆ, ಆ ಪಾಪ ನನಗೆ. ಹೂಂ ಅಂದುಬಿಟ್ಟೆ.

ಅಜ್ಜಿ ನಿಂಬೆಹಣ್ಣು ತೆಗೆದು ಹೊರಗೆಸೆದು, ಗೊಂಬೆಗೆ ಕೈಮುಗಿದರು. "ನಾಕು ಕೈ ಅಂದ್ರ ದೇವರೇ ಅಲ್ಲೇನ್ರಿ."

ಆ ಸೆಟ್ ಇನ್ನೂ ಬಂದಿಲ್ಲ. ಈಗ ನಾನೂ ಆ ಗ್ರೂಪಿನಲ್ಲಿದ್ದೇನೆ. ಯಾರಾದರೂ 'ಎರಡೇ ಕೈ ಇರಬಹುದು' ಅಂತ ಬರೆದರೆ ಎದೆ ಧಸಕ್ಕೆನ್ನುತ್ತದೆ.