ರಜಿಯಾ ತೋರಿಸಿದ ಬೆರಳು

೧೯೫೧ರಲ್ಲಿ ನಾನು ಕಲಬುರಗಿಯ ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದೆ. ನಿಜಾಮರ ಆಳ್ವಿಕೆಯನ್ನು ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷವಾಗಿತ್ತು. ಹೊರಗಿನಿಂದ ಬಂದ ನ್ಯಾಯಾಧೀಶರಿಗೆ ಕನ್ನಡವೂ ಬಾರದು, ಉರ್ದುವೂ ಬಾರದು. ದುಭಾಷಿಗೆ ಇದ್ದ ನಿಯಮ ಒಂದೇ: ಆಡಿದ್ದನ್ನು ದಾಟಿಸಬೇಕು, ತನ್ನ ಮಾತು ಸೇರಿಸಬಾರದು. ಗಂಡಸರೇ ತುಂಬಿದ ಆ ಕಟ್ಟಡದಲ್ಲಿ ಈ ನಿಯಮ ನನಗೊಂದು ಆಸರೆಯೂ ಆಗಿತ್ತು.

ಆ ದಿನದ ಅರ್ಜಿ ಮಗುವಿನ ಪಾಲನೆಯದು. ತಂದೆ ಖಾದರಸಾಬ್ ನಗರದ ಬಟ್ಟೆ ವ್ಯಾಪಾರಿ. ತಲಾಕ್ ಆದ ಮೇಲೆ ಹೆಂಡತಿ ಹಲೀಮಾ ಮಗಳು ರಜಿಯಾಳನ್ನು ಕರೆದುಕೊಂಡು ತವರೂರು ಕಮಲಾಪುರ ಸೇರಿದ್ದಳು.

"ಆ ಮನ್ಯಾಗ ಗಂಡಸು ಅನ್ನೋರೇ ಇಲ್ರೀ. ನಾಳಿಗಿ ಏನಾದ್ರ ಯಾರು ನೋಡಬೇಕು?" ಎಂದ ಖಾದರಸಾಬ್.

"ಗಂಡಸಿದ್ದ ಮನ್ಯಾಗೂ ನಾ ಒಬ್ಬಾಕೇ ಇದ್ದೆ. ಅವರನ್ನೇ ಕೇಳ್ರಿ," ಎಂದಳು ಹಲೀಮಾ.

ಅವಳ ಅಣ್ಣನನ್ನು ಕಾರ್ಯಾಚರಣೆಯ ನಂತರ ಹಿಡಿದೊಯ್ದಿದ್ದರು. ಆತ ಮರಳಿರಲಿಲ್ಲ.

ಇಂಥ ಅರ್ಜಿಯಲ್ಲಿ ಮುಖ್ಯವಾದದ್ದು ಮಗುವಿನ ಹಿತ. ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಚ್ಛೆಯನ್ನೂ ಕೇಳುತ್ತಾರೆ. ರಜಿಯಾಗೆ ಎಂಟು ವರ್ಷ. ನ್ಯಾಯಾಧೀಶರ ಕೋಣೆಯಲ್ಲಿ, ತಂದೆ ತಾಯಿ ಇಬ್ಬರ ಎದುರಿಗೂ, ಅವಳು ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಖಾಕಿಯ ಪೇದೆಯನ್ನೇ ನೋಡುತ್ತಿದ್ದಳು. ನ್ಯಾಯಾಧೀಶರು ಮೃದುವಾಗಿ, ಮಾತು ಬೇಡ, ಯಾರ ಹತ್ತಿರ ಇರಬೇಕೋ ಅವರ ಕಡೆ ಬೆರಳು ಮಾಡಲಿ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ರಜಿಯಾ ಮತ್ತೆ ಪೇದೆಯ ಕಡೆ ನೋಡಿದಳು. ಅಮ್ಮನನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ, ತಂದೆಯ ಕಡೆ ಬೆರಳು ಮಾಡಿದಳು.

ಹಲೀಮಾ ಗೋಡೆ ಹಿಡಿದಳು. ಊಟದ ಬಿಡುವಿನ ನಂತರ ಆದೇಶ ಎಂದಾಯಿತು. ಅಲ್ಲಿಯವರೆಗೆ ಮಗು ನನ್ನ ಜೊತೆ ವರಾಂಡದಲ್ಲಿ.

ಜವಾನ ಭೀಮಣ್ಣ ನೀರು ತಂದ. "ಕೂಸು ಗಪ್ಪ ಕೂತದ. ನೀವೂ ಒಂದೀಟು ಕೂಡ್ರಿ ಅಕ್ಕಾರ."

ಅವನು ಹೋದ ಮೇಲೆ ಕೇಳಿದೆ, "ಅಮ್ಮಿ ಬ್ಯಾಡೇನವ್ವಾ ನಿನಗ?"

"ಅಮ್ಮೀನೇ ಬೇಕು," ರಜಿಯಾ ಪಿಸುಗುಟ್ಟಿದಳು. "ಯಾರ ಕಡೆ ಬೆರಳ ಮಾಡಿದ್ರ ಅವರನ್ನ ಲಾರಿ ಒಳಗ ಹಾಕ್ತಾರ. ಮಾಮೂಗ ಹಂಗೇ ಮಾಡ್ಯಾರ."

ಮಾಮೂ ಎಂದರೆ ಹಲೀಮಾಳ ಅಣ್ಣ. ಕಾರ್ಯಾಚರಣೆ ಮುಗಿದ ಆ ದಿನಗಳಲ್ಲಿ ಗಂಡಸರನ್ನು ಚಾವಡಿಯ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದರು. ಯಾರಾದರೂ ಒಬ್ಬನ ಕಡೆ ಬೆರಳು ಮಾಡಿದರೆ ಸಾಕು, ಅವನನ್ನು ಲಾರಿಗೆ ಹತ್ತಿಸುತ್ತಿದ್ದರು. ರಜಿಯಾ ಅದನ್ನು ತಾಯಿಯ ಸೆರಗಿನ ಮರೆಯಿಂದ ನೋಡಿದ್ದಳು.

ನ್ಯಾಯಾಧೀಶರ ಬಾಗಿಲವರೆಗೆ ಹೋಗಿ ಎರಡು ಸಲ ಹಿಂದಕ್ಕೆ ಬಂದೆ. ದುಭಾಷಿ ಒಂದು ಪಕ್ಷ ವಹಿಸಿದಳು ಎಂದರೆ ಕೆಲಸ ಉಳಿಯದು. ಸುಮ್ಮನಿದ್ದರೆ ಸಂಜೆಯೊಳಗೆ ಮಗು ತಾಯಿಯನ್ನು ಕಳೆದುಕೊಳ್ಳುತ್ತದೆ. ಮೂರನೆಯ ಸಲ ಒಳಗೆ ಹೋದೆ. "ಇದನ್ನು ಹೇಳುವ ಅಧಿಕಾರ ನನಗಿಲ್ಲ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ.

ನ್ಯಾಯಾಧೀಶರು ಕೈಯಲ್ಲಿದ್ದ ಲೇಖನಿ ಕೆಳಗಿಟ್ಟರು. ನಂತರ ಪೇದೆಯನ್ನು ಕಳಿಸಿಬಿಟ್ಟು, ವರಾಂಡಕ್ಕೆ ಬಂದು, ಮಗುವಿನ ಎದುರು ಮೆಟ್ಟಿಲ ಮೇಲೆ ಕುಳಿತರು. ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ ಎಂದು ಮೊದಲು ಹೇಳಿಸಿದರು. ಆಮೇಲೆ, ತಲೆ ಬಾಚುವವರು ಯಾರು, ಜ್ವರ ಬಂದರೆ ಹತ್ತಿರ ಮಲಗುವವರು ಯಾರು ಎಂದೆಲ್ಲ ಕೇಳಿದರು. ಪ್ರತಿ ಸಲವೂ ಬಂದ ಉತ್ತರ ಒಂದೇ, "ಅಮ್ಮಿ."

ಮಗು ತಾಯಿಯ ಬಳಿ ಇರಬೇಕು, ತಂದೆ ಪ್ರತಿ ಶುಕ್ರವಾರ ಕಮಲಾಪುರಕ್ಕೆ ಹೋಗಿ ನೋಡಬಹುದು ಎಂದು ಆದೇಶವಾಯಿತು.

ಹಲೀಮಾ ಕರೆದರೂ ರಜಿಯಾ ಮೆಟ್ಟಿಲು ಇಳಿಯಲಿಲ್ಲ. ನನ್ನ ಸೆರಗು ಜಗ್ಗಿ ಕೇಳಿದಳು, "ಅಬ್ಬಾನ ಒಯ್ಯಾಕ ಲಾರಿ ಯಾವಾಗ ಬರತದ್ರೀ?"

ಅವಳನ್ನು ಗೇಟಿನವರೆಗೆ ಕರೆದೊಯ್ದೆ. ಖಾದರಸಾಬ್ ಟಾಂಗಾದವನ ಜೊತೆ ಬಾಡಿಗೆಗೆ ಜಗಳಾಡುತ್ತಿದ್ದ. ಹತ್ತಿ ಕುಳಿತು, ಮಗಳನ್ನು ಕಂಡು ಕೈಯೆತ್ತಿದ. ಟಾಂಗಾ ಬಜಾರಿನ ಕಡೆ ತಿರುಗಿದ ಮೇಲೆಯೇ ರಜಿಯಾ ನನ್ನ ಸೆರಗು ಬಿಟ್ಟದ್ದು.

ಯಾರು ಬೇಕು ಎಂದು ಮಗುವನ್ನು ಕೇಳುವ ಮೊದಲು, ಯಾರಿಗೂ ಏನೂ ಆಗುವುದಿಲ್ಲ ಎಂಬುದನ್ನು ಅದಕ್ಕೆ ಹೇಳಬೇಕು. ಸಾಧ್ಯವಾದರೆ ಕಣ್ಣಾರೆ ತೋರಿಸಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು.