ಲಿಡಿಯಾ ಮೇಡಂ ಉಸಿರು ಹಿಡಿದದ್ದು

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಸಿಟಿ ಸ್ಕ್ಯಾನ್ ಮಾಡುತ್ತಿರುವ ಲಿಡಿಯಾ ಮೇಡಂ ಪ್ರಕಾರ ಮನುಷ್ಯರಲ್ಲಿ ಇರುವುದು ಎರಡೇ ಜಾತಿ: ಹೇಳಿದಾಗ ಉಸಿರು ಹಿಡಿಯುವವರು, ಹಿಡಿಯದವರು. ಯಂತ್ರದ ಜೊತೆ ಬಂದ ಇಂಗ್ಲಿಷ್ ಧ್ವನಿ ಬಂದರಿನ ಮೀನಿನವರಿಗೆ ಅರ್ಥವಾಗುವುದಿಲ್ಲವೆಂದು ಅದನ್ನು ತೆಗೆಸಿ, ತಮ್ಮದೇ ಸ್ವರವನ್ನು ಕನ್ನಡದಲ್ಲೂ ತುಳುವಿನಲ್ಲೂ ರೆಕಾರ್ಡ್ ಮಾಡಿ ಹಾಕಿದ್ದರು. ಅದಾದ ಮೇಲೂ ಯಾರಾದರೂ ನಡುವೆ ಉಸಿರು ಬಿಟ್ಟು ಚಿತ್ರ ಕೆಡಿಸಿದರೆ ಗಾಜಿನಾಚೆಯಿಂದ ಮೈಕ್ ಗುಡುಗುತ್ತಿತ್ತು: "ಕನ್ನಡ ಗೊತ್ತಾಗುದಿಲ್ವಾ ಮಾರಾಯ್ರೆ? ತುಳುವಿನಲ್ಲಿ ಹಾಕುದಾ?"

ಕಳೆದ ವಾರ ಕಿಡ್ನಿ ಕಲ್ಲಿನ ನೋವಿಗೆ ಮೇಡಂ ಅವರೇ ಆ ಯಂತ್ರದಲ್ಲಿ ಮಲಗಬೇಕಾಯಿತು. ಗಾಜಿನಾಚೆ ಕೂತವಳು ಅವರಿಂದಲೇ ಕೆಲಸ ಕಲಿತ ರುಮೈಸಾ.

"ನನಗೆ ನೀನು ಎಂತ ಹೇಳುದೂ ಬೇಡ, ಎಲ್ಲ ಗೊತ್ತುಂಟು," ಎಂದು ಮೇಡಂ ಮೊದಲೇ ಎಚ್ಚರಿಸಿದರು.

ಯಂತ್ರ ತಿರುಗತೊಡಗಿತು. "ಉಸಿರು ಎಳೆಯಿರಿ, ಹಿಡಿಯಿರಿ," ಎಂದಿತು ಅವರದೇ ಸ್ವರ. ಅದು ಕಿವಿಗೆ ಬಿದ್ದದ್ದೇ ತಡ, ರೋಗಿಗಳಿಗೆ ಕೂಗಿ ಹೇಳುವ ಇಪ್ಪತ್ತು ವರ್ಷಗಳ ಅಭ್ಯಾಸಬಲದಿಂದ ಮೇಡಂ ಮಲಗಿದಲ್ಲಿಂದಲೇ ಜೋರಾಗಿ ಕೂಗಿದರು: "ಬಿಡಬೇಡಿ, ಬಿಡಬೇಡಿ, ಇನ್ನು ಸ್ವಲ್ಪ!"

ಚಿತ್ರ ಕೆಟ್ಟಿತು. ಗಾಜಿನಾಚೆ ರುಮೈಸಾ ಮೈಕ್ ಒತ್ತಿದಳು. ಬಹಳ ಮರ್ಯಾದೆಯಿಂದ ಕೇಳಿದಳು:

"ಮೇಡಂ, ತುಳುವಿನಲ್ಲಿ ಹಾಕುದಾ?"