ಘಳಿಗೆ ಮುರಿದ ಸೀರೆ ಮತ್ತು ಲೋಕದ ಗೆಳೆಯರು

ನಮ್ಮ ಮನೆಯ ಬೀರುವಿನ ಪಕ್ಕದ ಮೊಳೆಗೆ ಮೂರು ಬಿಲ್ಲೆಗಳು ನೇತಾಡುತ್ತಿವೆ. ಕೊರಳಿಗೆ ಹಾಕಿಕೊಳ್ಳುವ ನೀಲಿ ದಾರ, ದಾರದ ತುದಿಗೆ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ನನ್ನ ಹೆಸರು. ಇವು ಬಾಗಲಕೋಟೆಯಲ್ಲಿ ನಾನು ಹಾಜರಾದ ಮೂರು ಸಮಾವೇಶಗಳ ಗುರುತು. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನಿಗೆ ಅಂತರ್ಜಾಲದ ವ್ಯಾಪಾರದ ಸಮಾವೇಶದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಶಾಂತಾ ಅದನ್ನೇ ಬಹಳ ದಿನ ಕೇಳಿದಳು. ಉತ್ತರ ಸಿಗುವುದಿಲ್ಲವೆಂದು ಗೊತ್ತಾದ ಮೇಲೆ ಕೇಳುವುದನ್ನು ಬಿಟ್ಟಳು.

ಮೊದಲನೆಯದಕ್ಕೆ ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಬಾಗಲಕೋಟೆಯ ಹಳೆಯ ಊರಿನವರು ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗುತ್ತದೆಂದು ಗಂಟುಮೂಟೆ ಕಟ್ಟಿಕೊಂಡು, ಸರಕಾರ ಅವರಿಗಾಗಿ ಕಟ್ಟುತ್ತಿದ್ದ ನವನಗರದ ಕಡೆ ನೋಡುತ್ತಿದ್ದರು. ಟೈ ಕಟ್ಟಿಕೊಂಡಿದ್ದ ಭಾಷಣಕಾರರು, ಇನ್ನು ಕೆಲವೇ ವರ್ಷಗಳಲ್ಲಿ ಪ್ರತಿಯೊಬ್ಬರಿಗೂ ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸ ಇರುತ್ತದೆ ಎಂದರು. ಹಿಂದಿನ ಸಾಲಿನಲ್ಲಿದ್ದ ಕಿರಾಣಿ ವ್ಯಾಪಾರಿಯೊಬ್ಬರು ಎದ್ದು, "ಅದು ಇರಲಿ ಬಿಡ್ರಿ, ಮೊದಲ ನಮಗ ನವನಗರದಾಗ ಒಂದು ವಿಳಾಸ ಕೊಡಸ್ರಿ" ಎಂದರು. ಸಭೆ ಅಲ್ಲಿಗೇ ಮುಗಿದಂತಾಯಿತು. ಉಳಿದ ಹೊತ್ತು ಎಲ್ಲರೂ ಪರಿಹಾರದ ಮಾತಾಡಿದರು, ಶಿರಾ ಉಪ್ಪಿಟ್ಟು ತಿಂದರು, ಒಬ್ಬರಿಗೊಬ್ಬರು ವಿಸಿಟಿಂಗ್ ಕಾರ್ಡು ಕೊಟ್ಟುಕೊಂಡರು. ಕಾರ್ಡಿನ ಮೇಲಿದ್ದದ್ದೆಲ್ಲ ಮುಳುಗಲಿರುವ ವಿಳಾಸ.

ಎರಡನೆಯ ಸಮಾವೇಶ ಆರೇಳು ವರ್ಷದ ಮೇಲೆ, ನವನಗರದಲ್ಲೇ, ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಆ ಹೊತ್ತಿಗೆ ಗೆಳೆಯರನ್ನು ಕೂಡಿಸುವ ಒಂದು ತಾಣ ಬಂದಿತ್ತು. ಅದರ ಹೆಸರು ಇಲ್ಲಿ ಬೇಡ. ಅದು ಈಗ ಇಲ್ಲ, ಇಲ್ಲದವರ ಹೆಸರೆತ್ತಿ ಆಡಿಕೊಳ್ಳುವುದು ನಮ್ಮ ಕಡೆ ಶೋಭೆಯಲ್ಲ. ಆ ಸಲದ ಭಾಷಣಕಾರರು ತರುಣರು. "ಮಡಚಿಟ್ಟ ಸೀರೆಯನ್ನು ಯಾರು ನೋಡುತ್ತಾರೆ? ಬಿಚ್ಚಿ, ಉಡಿಸಿ, ಫೋಟೋ ಹಾಕಿ. ಗಿರಾಕಿಯನ್ನು ಗೆಳೆಯನನ್ನಾಗಿ ಮಾಡಿಕೊಳ್ಳಿ" ಎಂದು ನನ್ನ ಕಡೆಗೇ ಬೆರಳು ತೋರಿಸಿ ಹೇಳಿದರು. ನನ್ನ ಪಕ್ಕದಲ್ಲಿದ್ದ ಬಾದಾಮಿಯ ಲಾಡ್ಜಿನ ಮಾಲೀಕರು ಮೆಲ್ಲಗೆ, "ಸೀರಿಯವ್ರಿಗೆ ಸರಳ ಐತ್ರಿ. ನಮ್ಮ ಗಿರಾಕಿ ಗೆಳೆಯ ಆದ್ರ ಖೋಲಿ ಬಾಡಿಗಿ ಯಾರು ಕೊಡ್ತಾರ?" ಎಂದರು.

ಬಾದಾಮಿಯವರು ಸುದ್ದಿ ಹಾಕುವುದರಲ್ಲಿ ನಮಗಿಂತ ಹಳಬರು. ಸಾವಿರದ ಚಿಲ್ಲರೆ ವರ್ಷಗಳ ಹಿಂದೆಯೇ ಅಲ್ಲಿಯ ದೊಡ್ಡವರು ತಮ್ಮ ಹೆಸರು, ತಾವು ಗೆದ್ದ ಊರು, ತಾವು ಕೊಟ್ಟ ದಾನ ಎಲ್ಲವನ್ನೂ ಬಂಡೆಯ ಮೇಲೆ ಹಾಕಿಸಿದ್ದಾರೆ. ಪಾಸ್‌ವರ್ಡ್ ಇಲ್ಲ, ಕರೆಂಟು ಬೇಕಿಲ್ಲ, ಇವತ್ತಿಗೂ ಓದಲು ಬರುತ್ತದೆ. ಆದರೆ ಓದಿದವರು ಕೆಳಗೆ 'ಭಾಳ ಛಲೋ ಐತಿ' ಎಂದು ಬರೆಯಲು ಜಾಗ ಬಿಟ್ಟಿಲ್ಲ. ಆ ಜಾಗದ ರುಚಿ ಹತ್ತಿದ್ದು ನಮ್ಮ ಕಾಲಕ್ಕೆ, ನಮ್ಮ ಪೈಕಿ ಮೊದಲು ಹತ್ತಿದ್ದು ನನಗೆ.

ಅಂಗಡಿ ಮುಚ್ಚಿದ ಮೇಲೆ ದಿನವೂ ಬಸ್‌ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ಹೋಗಿ ಕೂಡತೊಡಗಿದೆ. ಯಾರು ಗೆಳೆತನ ಬೇಡಿದರೂ ಒಪ್ಪಿದೆ. ನಮ್ಮ ಅಂಗಡಿಯಲ್ಲಿ ಬಂದವರನ್ನು ಮೊದಲು ಕೂಡಿಸಿ, ನೀರು ಕೊಟ್ಟು, ಯಾವ ಊರು ಎಂದು ಕೇಳಿದ ಮೇಲೆಯೇ ಸೀರೆ ಬಿಚ್ಚುವ ರೂಢಿ. ಅದನ್ನೇ ಅಲ್ಲಿಯೂ ನಡೆಸಿದೆ. ದುಬೈಯಲ್ಲಿರುವ ಅಪರಿಚಿತನೊಬ್ಬ ಒಂದು ನಗುವ ಮುಖ ಕಳಿಸಿದರೆ, "ಬರ್ರಿ, ಕೂಡ್ರಿ, ಆರಾಮ ಅದೀರಿ? ಮೂಲ ಊರು ಯಾವುದಾತು?" ಎಂದು ಬರೆಯುತ್ತಿದ್ದೆ. ಆತ ಮರಳಿ ಬರುತ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ಆರಿ ಸೆಟೆದುಕೊಳ್ಳುತ್ತಿದ್ದವು. ಶಾಂತಾ ತಾಟು ಮುಚ್ಚಿಟ್ಟು ಕಾಯುತ್ತ ಕೂತಿರುತ್ತಿದ್ದಳು. ಆಕೆಯನ್ನು ಆರಾಮ ಇದ್ದೀಯಾ ಎಂದು ಕೇಳುವುದು ನನಗೆ ಹೊಳೆಯಲಿಲ್ಲ.

ಇನ್ನು ಫೋಟೋದ ಮಾತು. ಅಂಗಡಿಯಲ್ಲಿದ್ದ ಮಾಲಿನಲ್ಲಿ ಕ್ಯಾಮೆರಾಕ್ಕೆ ಯೋಗ್ಯವಾದ ಸೀರೆ ಒಂದೇ ಇತ್ತು. ಕೈಮಗ್ಗದ್ದು, ಗಿರಿಕುಂಕುಮವೆಂಬ ಕಡುಗೆಂಪು ಬಣ್ಣದ ರೇಷ್ಮೆಯ ಒಡಲು, ಕೆಂಪು ಬಿಳಿಯ ತೆನೆ ಚಿತ್ತಾರದ ಸೆರಗು. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅವಸರ ಮಾಡಿದರೆ ಬರುವ ಕೆಲಸವಲ್ಲ. ಬೇವೂರಿನ ನೀಲವ್ವ ತನ್ನ ಕಿರಿಯ ಮಗಳ ಮದುವೆಗೆಂದು ತಾನೇ ಬಣ್ಣ ಆರಿಸಿ, ಹೇಳಿ ನೇಯಿಸಿದ ಸೀರೆ ಅದು. ಒಯ್ಯಲು ಬರುವವರೆಗೆ ನನ್ನ ಕಪಾಟಿನಲ್ಲಿ ಘಳಿಗೆ ಮುರಿಯದೆ ಇತ್ತು.

ಘಳಿಗೆ ಮುರಿಯುವುದೆಂದರೆ ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚಿ ಉಡುವುದು. ಎಷ್ಟೋ ಮನೆಗಳಲ್ಲಿ ಮದುಮಗಳ ಸೀರೆಯ ಘಳಿಗೆಯನ್ನು ಯಾರೆಂದರೆ ಅವರು ಮುರಿಯುವಂತಿಲ್ಲ. ಗಂಡನ ಮನೆಯಲ್ಲಿ ಸುಖವಾಗಿರುವ ಒಬ್ಬ ಹೆಣ್ಣುಮಗಳನ್ನು ಕರೆದು, ಆಕೆಯ ಕೈಯಿಂದ ಬಿಚ್ಚಿಸಿ, ಸ್ವಲ್ಪ ಹೊತ್ತು ಉಡಿಸಿ, ಆಮೇಲೆ ಮದುಮಗಳಿಗೆ ಕೊಡುತ್ತಾರೆ. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಫೋಟೋಕ್ಕೆ ಉಡುವುದು ಉಡುವುದಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. "ಬ್ಯಾರೆಯವರ ಸೀರಿ ರೀ ಅದು" ಎಂದು ಶಾಂತಾ ಎರಡು ಸಲ ಹೇಳಿದಳು. ಮೂರನೆಯ ಸಲ ನಾನು ಹೇಳಗೊಡಲಿಲ್ಲ. ಹಿತ್ತಲಲ್ಲಿ, ಹಳೆಯ ಮಗ್ಗದ ಪಕ್ಕದಲ್ಲಿ, ಬೆಳಗಿನ ಬಿಸಿಲಿಗೆ ಆಕೆಯನ್ನು ನಿಲ್ಲಿಸಿ, ಸೆರಗು ಹೀಗೆ, ಮುಖ ಹಾಗೆ ಎಂದು ಅರ್ಧ ತಾಸು ಕಾಡಿದೆ. ಕಿವಿಯ ಹತ್ತಿರ ಆಕೆಯ ಕೂದಲು ಬೆಳ್ಳಗಾಗಿದ್ದನ್ನು ಅವತ್ತೇ ನೋಡಿದೆ. "ಚಂದ ಕಾಣ್ತಿ ನೀ" ಎಂಬ ಮಾತೂ ಬಾಯಿಂದ ಬಂದುಹೋಯಿತು. ನಂತರ ಸೀರೆಯನ್ನು ನಾನೇ ಮೊದಲಿನಂತೆ ಮಡಚಿ ಕಪಾಟಿಗೆ ಸೇರಿಸಿದೆ.

ಫೋಟೋ ಹಾಕಿದ್ದೇ ತಡ, ಹೊಗಳಿಕೆಯೋ ಹೊಗಳಿಕೆ. ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಅದನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಅಂಗಡಿಯ ಕನ್ನಡಿಗೆ ಅಂಟಿಸಿದೆ. ಯಾರ ಸೀರೆ ಎಂಬುದು ಆ ಸಂಭ್ರಮದಲ್ಲಿ ಮರೆತೇಹೋಗಿತ್ತು.

ಮದುವೆಗೆ ಐದು ದಿನವಿರುವಾಗ ನೀಲವ್ವ ಬಂದಳು. ಕೂತಳು, ನೀರು ಕುಡಿದಳು, ಚೊಂಬು ಕೆಳಗಿಡುತ್ತ ಕನ್ನಡಿಯ ಕಡೆ ನೋಡಿದಳು.

"ಸಾವ್ಕಾರ್ರ, ಇದು ನಮ್ಮ ಸೀರಿ ಅಲ್ಲೇನ್ರಿ?"

ನಾನು ಇನ್ನೂ ಹಿಗ್ಗಿನಲ್ಲೇ ಇದ್ದೆ. "ಹೌದವ್ವ, ನಿಮ್ಮ ಸೀರಿ ದುಬೈ ತನಕ ಮುಟ್ಟೈತಿ. ಎಲ್ಲಾರೂ ಭಾಳ ಛಲೋ ಐತಿ ಅಂದಾರ" ಎಂದೆ.

"ಎಲ್ಲಾರೂ ನೋಡಿದ್ರು. ನನ್ನ ಮಗಳು ಇನ್ನೂ ನೋಡಿಲ್ಲ" ಎಂದಳು. ದನಿ ಏರಿಸಲಿಲ್ಲ. ನಾನು ತೆಗೆದುಕೊಟ್ಟ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಡಿಕೆಯ ಅಂಚಿನ ಮೇಲೆ ಬೆರಳು ಆಡಿಸಿದಳು. "ದೊಡ್ಡಾಕಿ ಸೀರಿನೂ ಹಿಂಗ ಆತ್ರಿ. ಯಾರೋ ಬಿಚ್ಚಿದ್ರು, ಯಾರೋ ಉಟ್ರು, ಇರಲಿ ಅಂದ್ವಿ. ಎರಡು ವರ್ಷಕ್ಕ ಆಕಿ ಗಂಡನ ಮನಿ ಬಿಟ್ಟು ಬಂದ್ಲು. ಸೀರಿಯಿಂದ ಹಂಗಾತು ಅನ್ನಂಗಿಲ್ಲ ನಾ. ಆದ್ರ ಇನ್ನೊಮ್ಮೆ ಇರಲಿ ಅನ್ನಾಕ ನನಗ ಧೈರ್ಯ ಇಲ್ಲ."

ನನಗೆ ನಾಚಿಕೆಯಾಯಿತು. ಐದು ದಿನದಲ್ಲಿ ಅಂಥ ಇನ್ನೊಂದು ಸೀರೆ ಮಗ್ಗದಿಂದ ಇಳಿಯುವುದಿಲ್ಲ. ಬೇರೆ ಸೀರೆ ತೆಗೆದು ಹರವಿದೆ, ಒಂದರ ಬದಲು ಎರಡು ಒಯ್ಯಿರಿ ಎಂದೆ. ಆಕೆ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಫೋಟೋದಲ್ಲಿದ್ದ ಮುಖವನ್ನೇ ನೋಡುತ್ತ, "ಇವ್ರು ನಿಮ್ಮ ಮನಿಯವ್ರಲ್ಲ? ಕರೀರಿ" ಎಂದಳು.

ಅಂಗಡಿಯ ಹಿಂದೆಯೇ ಮನೆ. ಶಾಂತಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ನೀಲವ್ವ ಆಕೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿದಳು:

"ತಂಗಿ, ನನ್ನ ಮಗಳ ಸೀರಿ ಘಳಿಗಿ ನೀ ಮುರದಿ. ಖರೆ ಹೇಳು. ಈ ಮನ್ಯಾಗ ಸುಖ ಅದಿ ಏನು? ಅದಿ ಅಂದ್ರ ಈ ಸೀರಿ ಒಯ್ತೇನಿ. ಇಲ್ಲಾ ಅಂದ್ರ ಇಲ್ಲೇ ಇಟ್ಟು ಹೋಗ್ತೇನಿ. ಸಿಟ್ಟೇನಿಲ್ಲ."

ನೆಟ್ ಸೆಂಟರಿನಲ್ಲಿ ಲೈನು ಹತ್ತಲು ಎಷ್ಟೆಷ್ಟೋ ಹೊತ್ತು ಕಾದವನು ನಾನು. ಹಾಗೆ ಯಾವತ್ತೂ ಕಾದಿರಲಿಲ್ಲ. ಹೌದು ಎನ್ನಲು ಒಂದು ಕ್ಷಣ ಸಾಕಾಗಿತ್ತು. ಶಾಂತಾ ಆ ಕ್ಷಣವನ್ನು ದಾಟಿಸಿದಳು, ಮುಂದಿನದನ್ನೂ ದಾಟಿಸಿದಳು. ಲೋಕವೆಲ್ಲ ಮೆಚ್ಚಿದ ಸೀರೆಗೆ ಈಕೆ ಒಬ್ಬಳ ಒಪ್ಪಿಗೆ ಸಿಗುತ್ತದೋ ಇಲ್ಲವೋ ಎಂದು ನಾನು ಕೈಯಲ್ಲಿದ್ದ ಮೊಳಗೋಲನ್ನು ತಿರುವುತ್ತ ನಿಂತೆ.

"ಸುಳ್ಳು ಹೇಳೂದಿಲ್ಲ ಯಕ್ಕಾ" ಎಂದಳು ಶಾಂತಾ. "ಈಗ ಆರು ತಿಂಗಳಾತು, ಇವರು ನನ್ನ ಮಾರಿ ನೋಡಿ ಮಾತಾಡಿಲ್ಲ. ಆದ್ರ ಆ ಫೋಟೋ ತಗಿಯೂ ಮುಂದ ಅರ್ಧ ತಾಸು ನನ್ನ ನೋಡಿದ್ರು. ಚಂದ ಕಾಣ್ತಿ ಅಂದ್ರು. ಈ ಸೀರಿ ಮೈಮ್ಯಾಲೆ ಇದ್ದಷ್ಟು ಹೊತ್ತು ನಾ ಸುಖ ಇದ್ನಿ."

ನೀಲವ್ವ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದ ಬಗ್ಗೆ ಬರೆಯದಿರುವುದೇ ಮೇಲು. ನಂತರ ಶಾಂತಾಳ ಕೈಯಿಂದಲೇ ಸೀರೆಯನ್ನು ಹೊಸದಾಗಿ ಮಡಚಿಸಿ, ಅದಕ್ಕೆ ಕುಂಕುಮ ಹಚ್ಚಿಸಿ, "ಅಷ್ಟ ಸಾಕು. ಛಲೋ ಹೊತ್ತಿನಾಗ ಮುರದಿ" ಎಂದು ಉಡಿಯಲ್ಲಿ ಹಾಕಿಸಿಕೊಂಡಳು. ಹೋಗುವಾಗ ಕನ್ನಡಿಯ ಮೇಲಿನ ಪ್ರಿಂಟನ್ನೂ ಬಿಡಿಸಿಕೊಂಡು ಹೋದಳು.

ಅಂದಿನಿಂದ ನಾನು ಪೂರಾ ಬದಲಾದೆ ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ. ನೆಟ್ ಸೆಂಟರಿಗೆ ವಾರಕ್ಕೆ ಎರಡು ದಿನ ಹೋಗುತ್ತಿದ್ದೆ, ಬಿಸಿ ರೊಟ್ಟಿಯ ಹೊತ್ತಿಗೆ ಮರಳುತ್ತಿದ್ದೆ. ಆ ದಶಕ ಮುಗಿಯುವ ಹೊತ್ತಿಗೆ ಮೂರನೆಯ ಸಮಾವೇಶ ಬಂತು. ಹೊಸ ಭಾಷಣಕಾರರು, ಅದೇ ಉಪ್ಪಿಟ್ಟು. ಹಳೆಯ ತಾಣದ ಕಥೆ ಮುಗಿಯಿತು, ಜನರೆಲ್ಲ ಇನ್ನೊಂದಕ್ಕೆ ಹೋಗುತ್ತಿದ್ದಾರೆ, ನೀವೂ ಗೆಳೆಯರನ್ನೆಲ್ಲ ಕರೆದುಕೊಂಡು ಹೋಗಿ ಎಂದರು. ಒಂದು ಸಲ ಊರನ್ನೇ ಎತ್ತಿಟ್ಟ ಬಾಗಲಕೋಟೆಯವರಿಗೆ ಇದು ಹೊಸದೆನಿಸಲಿಲ್ಲ. ಲಾಡ್ಜಿನ ಮಾಲೀಕರು, "ಇಲ್ಲೂ ಪರಿಹಾರ ಕೊಡ್ತಾರೇನ್ರಿ?" ಎಂದು ಕೇಳಿ ಕುರ್ಚಿಗೆ ಒರಗಿ ನಿದ್ದೆಗೆ ಜಾರಿದರು.

ಸಂಜೆ ಮನೆಗೆ ಬಂದು ಕ್ಯಾಮೆರಾ ತೆಗೆದೆ. ಹೊಸ ಜಾಗಕ್ಕೆ ಹೊಸ ಫೋಟೋ ಬೇಕಲ್ಲ. ಶಾಂತಾ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಯಾವ ಸೀರಿ ಉಡಲಿ?" ಎಂದಳು.

"ಉಟ್ಟಿದ್ದ ಛಲೋ ಐತಿ. ನಿನ್ನ ಸೀರಿನ ಅಲ್ಲ ಅದು? ಹಂಗ ಕೂಡು" ಎಂದು ಕ್ಯಾಮೆರಾವನ್ನು ಮಗ್ಗದ ಮೇಲಿಟ್ಟು ನಾನೂ ಆಕೆಯ ಎದುರು ಕೂತೆ.

ಆಕೆ ಜೋಳದ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. ಬಸ್ಸಿನಲ್ಲಿ, ಬಜಾರದಲ್ಲಿ, ಅಮೀನಗಡ, ಹುನಗುಂದ ದಾಟಿ ಮನೆಯವರೆಗೂ ಸಮಾವೇಶದ ಆ ಹೆಸರಿನ ಬಿಲ್ಲೆ ನನ್ನ ಕೊರಳಲ್ಲೇ ಇತ್ತು.

"ಮೊದಲ ಅದನ್ನ ತಗೀರಿ" ಎಂದಳು. "ಓದಿ ಗುರುತು ಹಿಡಿಯೂವಂಥವ್ರು ಇಲ್ಲಿ ಯಾರೂ ಇಲ್ಲ."